ಭಾವನವರ ಕೆನಡಾ ಶನಿವಾರಗಳು

ನಮ್ಮ ಭಾವನವರು ಎರಡೂ ಕೈಗೆ ಗಡಿಯಾರ ಕಟ್ಟುತ್ತಾರೆ. ಯಾಕೆ ಗೊತ್ತೇ? ಒಂದರ ಮೇಲೆ ಅವರಿಗೆ ನಂಬಿಕೆಯಿಲ್ಲ. ಇನ್ನೊಂದರ ಮೇಲೂ ಇಲ್ಲ! ಡೆಟ್ರಾಯಿಟ್‌ನಲ್ಲಿ ಕಾರಿನ ಬ್ರೇಕ್ ವಿನ್ಯಾಸ ಮಾಡುವ ಇಂಜಿನಿಯರು. ಅನುಮಾನವೇ ಅವರ ಕಸುಬು. ಅಮೆರಿಕವನ್ನು ನಂಬದೆ ಕೆನಡಾದ ಪಿ.ಆರ್., ಅಂದರೆ ಕಾಯಂ ವಾಸದ ಪರವಾನಗಿ, ಕೂಡ ಮಾಡಿಸಿಟ್ಟುಕೊಂಡಿದ್ದ ಮಹಾನುಭಾವ!

ಇಂಥವರ ಮೇಲೇ ಅನುಮಾನಪಡುವ ಕಾಲ ಬಂತು. ರಿಸೆಷನ್ನಿನ ಚಳಿಗಾಲ. ಡೆಟ್ರಾಯಿಟ್‌ನಿಂದ ಐದು ಗಂಟೆ ದಾರಿಯ ಡೌನರ್ಸ್ ಗ್ರೋವ್‌ನಲ್ಲಿದ್ದ ನನಗೆ ಅಕ್ಕ ಫೋನ್ ಮಾಡಿದಳು.

"ಶನಿವಾರ ಬಂದ್ರೆ ಸಾಕು, ಕೆನಡಾಕ್ಕೆ ಡ್ರೈವ್ ಮಾಡ್ತಾರೆ ಕಣೋ. ಫಿಶಿಂಗ್ ಅಂತಾರೆ. ಮೊಟ್ಟೆ ಹಾಕಿದ ಕೇಕ್ ಮುಟ್ಟದೋರಿಗೆ ಎಂಥಾ ಫಿಶಿಂಗು?"

ಪತ್ತೇದಾರನಾಗಿ ನಾನೇ ಹೋದೆ. ನಾನೂ ಬರುತ್ತೇನೆಂದಾಗ ಭಾವ ಮುಖ ಹುಳ್ಳಗೆ ಮಾಡಿಕೊಂಡರೂ ಬೇಡವೆನ್ನಲಿಲ್ಲ. ಗಡಿ ದಾಟಿ, ಉತ್ತರಕ್ಕೆ ಮೈಲಿಗಟ್ಟಲೆ ಹಿಮ ನೋಡಿ ನೋಡಿ ಸುಸ್ತಾದ ಮೇಲೆ ಒಂದು ಟೌನ್‌ಶಿಪ್ ಬಂತು. ಟೌನ್‌ಶಿಪ್ ಎಂದರೆ ಗೇಟು, ವಾಚ್‌ಮನ್ನು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅಲ್ಲಿದ್ದದ್ದು ಒಂದೇ ಆಫೀಸಿನ ಆಡಳಿತಕ್ಕೆ ಸೇರಿದ ನಾಲ್ಕು ಪುಟ್ಟ ಊರು. ಒಂದೊಂದಕ್ಕೂ ಏಳೆಂಟು ಮನೆ, ಒಂದು ಚರ್ಚು. ಮಿಕ್ಕಿದ್ದೆಲ್ಲ ಕಾಡು.

ಎದುರಿಗೆ ಬಂದ ಪಿಕಪ್ ಟ್ರಕ್ಕಿನವನು ನಮಗೆ ಕೈಯೆತ್ತಿದ. ಕಾರಿಗೇನೋ ಆಗಿದೆಯೆಂದು ಭಾವ ತಕ್ಷಣ ನಿಲ್ಲಿಸಿ ನಾಲ್ಕೂ ಟೈರು ಒದ್ದು ನೋಡಿದರು. ಇನ್ನೊಬ್ಬ ಕೈಯೆತ್ತಿದ, ಬಾನೆಟ್ಟು ತೆರೆದರು. ಮೂರನೆಯವಳು ಅಜ್ಜಿ, ನಕ್ಕು ಬೇರೆ ಹೋದಳು! ಇಲ್ಲಿಯವರು ಎದುರಾದವರಿಗೆಲ್ಲ ಹೀಗೇ ಕೈಯೆತ್ತುತ್ತಾರಂತೆ.

"ಗುರುತಿಲ್ಲದೋರಿಗೆ ಯಾರಯ್ಯ ಸುಮ್ನೆ ಕೈ ಎತ್ತುತಾರೆ? ಮೂರು ವಾರದಿಂದ ನೋಡ್ತಿದೀನಿ. ಏನೋ ಮಸಲತ್ತಿದೆ," ಎಂದರು ಭಾವ.

ಕೊನೆಗೆ ಕಾರು ನಿಂತದ್ದು ಟೌನ್‌ಶಿಪ್ ಆಫೀಸಿನ ಮುಂದೆ. ಅಲ್ಲಿಯ ಹೆಂಗಸು ನಮಗೆ ಕಾಫಿ ಕೊಟ್ಟು, ಭಾವನವರ ಕೆಲಸದ ಪತ್ರ ಮನೆಗೆ ಕಳಿಸಿದ್ದೇವೆ, ತಲುಪಿತೇ ಎಂದು ಕೇಳಿದಳು. ಭಾವ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಆಮೇಲೆ ಕಾರಿನಲ್ಲಿ ಕೂತು ಎಲ್ಲ ಹೇಳಿದರು. ಕೆಲಸ ಹೋಗಿ ಎರಡು ತಿಂಗಳಾಗಿತ್ತಂತೆ. ದಿನಾ ಬೆಳಿಗ್ಗೆ ಟೈ ಕಟ್ಟಿಕೊಂಡು, ಅಕ್ಕ ಕೊಟ್ಟ ಡಬ್ಬಿ ಹಿಡಿದು ಲೈಬ್ರರಿಯಲ್ಲಿ ಕೂರುತ್ತಿದ್ದರಂತೆ. ಮೂರು ಶನಿವಾರ ಅಲೆದು ಈಗ ಸಿಕ್ಕಿದ್ದು ಈ ಊರುಗಳ ಹಿಮ ತೆಗೆಯುವ ಲಾರಿಗಳನ್ನು ರಿಪೇರಿ ಮಾಡುವ ಕೆಲಸ. ನಗಲು ಹೋದ ದೊಡ್ಡ ಪತ್ತೇದಾರ ಕಾರಿನ ಹೀಟರು ಜೋರು ಮಾಡಿ ಕೂತ.

"ಮೈಸೂರಿಂದ ಡೆಟ್ರಾಯಿಟ್‌ಗೆ ಬಂದಾಗ್ಲೇ ನಿಮ್ಮಕ್ಕ ತಿಂಗಳುಗಟ್ಲೆ ಅತ್ತಿದ್ಲು," ಎಂದರು. "ಈ ಕಾಡಿಗೆ ಬಾ ಅಂತ ಯಾವ ಬಾಯಲ್ಲಿ ಹೇಳ್ಲಯ್ಯ?"

ರಾತ್ರಿ ಅಲ್ಲೇ ಒಂದು ಮೋಟೆಲ್ಲಿನಲ್ಲಿ ಕಳೆದು, ಬೆಳಿಗ್ಗೆ ವಾಪಸ್ ಬರುವ ದಾರಿಯುದ್ದಕ್ಕೂ ನನ್ನನ್ನೇ ಅಕ್ಕನೆಂದುಕೊಂಡು ಆ ಮಾತನ್ನು ಹತ್ತಾರು ಥರ ಹೇಳಿ ನೋಡಿದರು. ಒಂದೂ ಸರಿಹೋಗಲಿಲ್ಲ. ನಾನೂ ಒಳ್ಳೆಯ ಅಕ್ಕನಾಗಲಿಲ್ಲವೆನ್ನಿ!

ಭಾನುವಾರ ಮಧ್ಯಾಹ್ನ ಮನೆ ತಲುಪಿದಾಗ ಅಕ್ಕ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಳು. ಪಕ್ಕದಲ್ಲೇ ಪತ್ರ ಒಡೆದು ಬಿದ್ದಿತ್ತು. ಭಾವ ಶೂ ಬಿಚ್ಚುವುದನ್ನೂ ಮರೆತು ಬಾಗಿಲಲ್ಲೇ ನಿಂತರು. ಅಕ್ಕ ತಿರುಗಲಿಲ್ಲ. ಅವಳ ಕಣ್ಣು ಕೆಂಪಾಗಿದ್ದದ್ದು ನನಗೆ ಪಕ್ಕದಿಂದ ಕಾಣುತ್ತಿತ್ತು.

"ಅಲ್ಲಿ ಚಳೀಲಿ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರಾಗತ್ತೇನ್ರೀ?" ಎಂದು ಕೇಳಿದಳು.

"ಆಗತ್ತೆ," ಎಂದರು ಭಾವ, ಒಂದು ಕ್ಷಣವೂ ಯೋಚಿಸದೆ.