ಜಿಲ್ಲೆಗೆಲ್ಲ ಒಂದನೇ ನಂಬರಿನ ಗಾದಿ

ಬೆಟಗೇರಿಯ ಗಾದಿ ಖಾಸಿಂಸಾಬನಿಗೆ ಹೆಂಡತಿ ಅಲ್ಮಾಸಬಿಯ ಮೇಲೆ ಇದ್ದದ್ದು ಒಂದೇ ತಕರಾರು: ಜಿಲ್ಲೆಗೆಲ್ಲ ಒಂದನೇ ನಂಬರಿನ ಗಂಡನ ಕೈಗೆ ಅವಳು ಇನ್ನೂ ಕಾಯಿಪಲ್ಲೆ ಚೀಲ ಕೊಡುತ್ತಿದ್ದಳು.

ನಂಬರೇನು ಸುಮ್ಮನೆ ಬಂದದ್ದಲ್ಲ. ಅರಳೆ ಹಿಂಜಿ ಗಾದಿ ಹೊಲಿಯುವ ತನ್ನ ಅಂಗಡಿಗೆ ಅವನು ವೆಬ್‌ಸೈಟು ಮಾಡಿಸಿದ್ದ. ಹತ್ತು ಕಡೆ ಹೆಸರು ಬಂದರೆ ಇಂಟರ್ನೆಟ್ಟಿನಲ್ಲಿ ತೂಕ ಹೆಚ್ಚುತ್ತದೆಂದು ಯಾರೋ ಹೇಳಿದ್ದೇ ತಡ, ಲಕ್ಷ್ಮೇಶ್ವರ, ಶಿರಹಟ್ಟಿಯ ಬೀಗರು-ಬಿಜ್ಜರಿಗೆಲ್ಲ ಚಹಾ ಕುಡಿಸಿ, ಅವರವರ ಫೋನಿನಲ್ಲಿ ಅಂಗಡಿಯ ಹೆಸರಿಗೆ ಐದೈದು ಚುಕ್ಕೆ ಒತ್ತಿಸಿಕೊಂಡಿದ್ದ. ತಾನೂ ಒಂದು ಮಾತು ಬರೆದಿದ್ದ: ನಮ್ಮ ಗಾದಿಯ ಮೇಲೆ ಮುಂಗಾರಿಯಲ್ಲಿ ಮಲಗಿದ ಯಳವತ್ತಿಯ ಗೌಡರೊಬ್ಬರು ಹಿಂಗಾರಿಯಲ್ಲಿ ಎದ್ದು, 'ಹೆಸರು ಬಿತ್ತಿದ್ರೇನು?' ಎಂದು ಕೇಳಿದರು.

ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಅಂಗಾತ ಬಿದ್ದು 'ಸಮೀಪದ ಗಾದಿ ಅಂಗಡಿ' ಎಂದು ಒತ್ತಿದರೆ ಸಾಕು, ಮೊದಲು ತನ್ನದೇ ಹೆಸರು! (ಒತ್ತುವ ಫೋನೂ ಅದೇ ಗಾದಿಯ ಮೇಲಿರುವಾಗ ಅದಕ್ಕಿಂತ ಸಮೀಪದ ಅಂಗಡಿ ಎಲ್ಲಿಂದ ಬರಬೇಕು? ಈ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ.) ಬಿಸಿಲಕೋಲಿನಲ್ಲಿ ಅರಳೆಯ ಎಳೆಗಳು ತೇಲುತ್ತಿದ್ದವು, ಅವುಗಳ ಜೊತೆ ಖಾಸಿಂಸಾಬನೂ ತೇಲುತ್ತಿದ್ದ. ಇಡೀ ಗದಗ ಜಿಲ್ಲೆ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಆಕಳಿಸಿ, ಅವನ ಗಾದಿಗೆ ಒರಗುತ್ತಿತ್ತು.

"ರೀ, ಮೊಹಸಿನನ ಮಗಳ ಲಗ್ನ ಬಂತು," ಎಂದಳು ಅಲ್ಮಾಸಬಿ. ಮೊಹಸಿನ ಹಿರೇವಡ್ಡಟ್ಟಿಯಲ್ಲಿರುವ ಅವಳ ತಮ್ಮ. "ಹದಿನೈದು ಗಾದಿ ಬೇಕಂತ. ಹೋಗಿ, ನಾವೇ ಕೊಡ್ತೀವಿ ಅಂತ ಒಂದ್ ಮಾತು ಹೇಳಿ ಬರ್ರಿ. ಬ್ಯಾರೆಯವ್ರ ಗಾದಿ ಬಂದ್ರ ತವರಮನ್ಯಾಗ ನಾ ತಲಿ ಎತ್ತೂದು ಹೆಂಗ?"

"ಬಾಯಿಲೆ ಹೇಳೂದು ನಿಮ್ಮಪ್ಪನ ಕಾಲಕ್ಕ ಮುಗೀತು. ಫೋನಿನ್ಯಾಗ ಮೊದಲ ಯಾರ ಹೆಸರು ಬರತೈತಿ, ಅವರ ಕಡೆ ತಗೋ ಅಂತ ನಿನ್ನ ತಮ್ಮಗ ಹೇಳೇನಿ."

"ನಿಮ್ಮ ಹೆಸರ ಬರತೈತಿ ಅನ್ನೂದು ಖಾತ್ರಿ ಏನ್ರಿ?"

"ಏ ಹುಚ್ಚಿ, ನೋಡಿಲ್ಲೆ!" ಎಂದು ಮಲಗಿದಲ್ಲೇ ಫೋನು ತೋರಿಸಿ, ಖಾಸಿಂಸಾಬ ಮಗ್ಗಲು ಬದಲಿಸಿದ.

ಲಗ್ನದ ಹಿಂದಿನ ದಿನ ಇಬ್ಬರೂ ಹಿರೇವಡ್ಡಟ್ಟಿಯಲ್ಲಿ ಬಸ್ಸಿಳಿದಾಗ, ಮೊಹಸಿನನ ಮನೆಯ ಮುಂದೆ ಟಂಟಂ ಗಾಡಿಯಿಂದ ಗಾದಿ ಇಳಿಯುತ್ತಿದ್ದವು. ಇಳಿಸುತ್ತಿದ್ದವನು ಅಲ್ಲೇ ಸಮೀಪದ ಮುಂಡರಗಿಯ ಗಾದಿ ವ್ಯಾಪಾರಿ ಮುರ್ತುಜಾ.

"ನೀವು ಹೇಳಿದಂಗ ಮಾಡೀನ್ರಿ ಮಾಮಾ," ಎಂದ ಮೊಹಸಿನ, ಶಾಬಾಸ್‌ಗಿರಿಗೆ ಕಾದವನಂತೆ. "ಇಲ್ಲೇ ಕಟ್ಟಿ ಮ್ಯಾಲ ಕುಂತು ಹುಡುಕಿದೆ. ಮೊದಲ ಬಂದಾಂವ ಇಂವ."

ಖಾಸಿಂಸಾಬ ತಾನೂ ಹುಡುಕಿದ. ಮುರ್ತುಜಾ ಮೊದಲು, ಆಮೇಲೆ ಬೆರಳು ಸರಿಸುತ್ತ ಸರಿಸುತ್ತ ಕೊಪ್ಪಳ ದಾಟಿ ಬಳ್ಳಾರಿ ಮುಟ್ಟಿದರೂ ಬೆಟಗೇರಿ ಬರಲಿಲ್ಲ. ಅಲ್ಮಾಸಬಿ ಒಂದು ಮಾತೂ ಆಡಲಿಲ್ಲ. (ಅನುಭವಸ್ಥ ಗಂಡಂದಿರು ಬಲ್ಲರು, ಬೈಗುಳ ಇದಕ್ಕಿಂತ ಎಷ್ಟೋ ಮೇಲು.)

ಊಟವಾದ ಮೇಲೆ, ಮುರ್ತುಜಾನ ಗಾದಿಯಲ್ಲಿ ಒಂದಾದರೂ ಗಂಟು ಹಿಡಿದು ತೋರಿಸಿ ಮಾನ ಉಳಿಸಿಕೊಳ್ಳೋಣವೆಂದು ಅದರ ಮೇಲೆ ಉದ್ದಕ್ಕೆ ಮಲಗಿದ. ಬೆನ್ನಿನಿಂದ ಗಂಟು ಹುಡುಕುತ್ತಿರುವಾಗಲೇ ಕಪ್ಪತಗುಡ್ಡದ ಮೇಲಿನ ಮೋಡದಂಥದ್ದೇನೋ ಬಂದು ಅವನನ್ನು ಮೆಲ್ಲಗೆ ಎತ್ತಿಕೊಂಡು ಹೋಯಿತು. ಕೆಳಗಿಳಿಸಿದಾಗ ದೀಪ ಹಚ್ಚಿದ್ದರು. ಲಗ್ನದ ಮಂದಿಯೆಲ್ಲ ಸುತ್ತ ನಿಂತು ಗೊರಕೆ ಕೇಳುತ್ತಿದ್ದರು. ಮುರ್ತುಜಾ ಫೋನು ಹಿಡಿದು ನಗುತ್ತಿದ್ದ.

ನಾಲ್ಕು ದಿನದ ಮೇಲೆ ಬಸ್ಸು ತಿರುಗಿ ಬೆಟಗೇರಿ ಸೇರುತ್ತಲೇ ಖಾಸಿಂಸಾಬನಿಗೆ ಜೀವ ಬಂತು. ಸ್ವಂತ ಊರಿನಲ್ಲಾದರೂ ಪದವಿ ಭದ್ರವಿದ್ದೀತೆಂದು 'ಗಾದಿ ಖಾಸಿಂಸಾಬ' ಎಂದು ಒತ್ತಿದ. ಎಲ್ಲಕ್ಕಿಂತ ಮೇಲೆ ಬಂದದ್ದು ಮುರ್ತುಜಾನ ವೆಬ್‌ಸೈಟು! ಅದರ ತುಂಬ ಬಾಯಿ ತೆರೆದು ಮಲಗಿದ ತನ್ನದೇ ಚಿತ್ರ. ಕೆಳಗೆ: 'ಬೆಟಗೇರಿಯ ಗಾದಿ ಖಾಸಿಂಸಾಬರಿಗೂ ನಿದ್ದೆ ಬರುವುದು ನಮ್ಮ ಗಾದಿಯ ಮೇಲೆಯೇ.'

ಅಲ್ಮಾಸಬಿ ಇಣುಕಿ ನೋಡಿದಳು. ನಾಲ್ಕು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು:

"ಖರೇನ ರೀ, ಎಷ್ಟ್ ಚಂದ ಮಲಗೀರಿ! ನಮ್ಮ ಮನಿಗೂ ಅಂಥಾದ್ದು ಒಂದು ಗಾದಿ ತರಸ್ರಿ."