ಕೇಳಿದರೆ ಇಳಿಯುವ ಸ್ಕೋರು

ಕಾರು ಕೊಂಡದ್ದೇ ವಾರಕ್ಕೊಮ್ಮೆ ಹೆಂಡತಿಯನ್ನು ನೋಡಿಕೊಂಡು ಬರಲು. ಆಕೆ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು; ಈತನಿಗೆ ಇಲ್ಲಿ ಕನ್ನಡಕದ ಅಂಗಡಿ. ಇಬ್ಬರ ಹೆಸರಿನಲ್ಲೂ ಸಾಲವಾಯಿತು, ಕಾರು ಮನೆಮುಂದೆ ಬಂತು. ಕಂತು ಕಟ್ಟಿದ ಮೇಲೆ ಪೆಟ್ರೋಲಿಗೆ ಕಾಸು ಮಿಗುವುದಿಲ್ಲವೆಂದು ತಿಳಿದದ್ದು ಆಮೇಲೆ. ಒಳಗೆ ಬನ್ನಿ ಅನ್ನುವವರಿಲ್ಲದ ನೆಂಟನ ಹಾಗೆ ಕಾರು ನಿಂತೇ ಇತ್ತು. ಈತ ದಿನಾ ಸಂಜೆ ಅದರ ಧೂಳು ಒರೆಸುತ್ತಿದ್ದ. ಪಕ್ಕದ ಸೀಟನ್ನು ಸ್ವಲ್ಪ ಹೆಚ್ಚೇ ಒರೆಸುತ್ತಿದ್ದ.

ಕಡಿಮೆ ಬಡ್ಡಿಯ ಬ್ಯಾಂಕಿಗೆ ಸಾಲ ಬದಲಾಯಿಸಿದರೆ ಕಂತು ಇಳಿಯುತ್ತದೆ ಎಂದು ಆ ಬೆಳಿಗ್ಗೆ ಗಿರಾಕಿಯೊಬ್ಬ ಹೇಳಿದ. ಹೋಗುವಾಗ ಒಂದು ಹೆದರಿಕೆಯನ್ನೂ ಬಿಟ್ಟುಹೋದ. "ಹತ್ತು ಕಡೆ ಅರ್ಜಿ ಹಾಕ್ಬೇಡಿ. ಒಂದೊಂದು ಬ್ಯಾಂಕು ನಿಮ್ಮ ಸಾಲದ ಜಾತಕ ತೆಗೆದು ನೋಡಿದಾಗ್ಲೂ ಕ್ರೆಡಿಟ್ ಸ್ಕೋರು, ಅಂದ್ರೆ ಸಾಲಗಾರನ ಮಾರ್ಕು, ಇಳಿಯುತ್ತೆ. ಸ್ಕೋರು ಇಳೀತೋ, ಬಡ್ಡಿ ಏರಿತು ಅಂತಲೇ ಲೆಕ್ಕ."

ಈತ ಅಂಗಡಿ ಬಾಗಿಲು ಹಾಕಿ ಹೊರಟ. ತುಂಬಿದ ಎಣ್ಣೆ ಬಟ್ಟಲು ತಲೆಯ ಮೇಲಿದ್ದವನ ನಡಿಗೆ.

ಪಕ್ಕದ ಕ್ಷೌರಿಕ ಕತ್ತರಿ ಹಿಡಿದೇ ಅಡ್ಡಬಂದ. "ಏನಣ್ಣಾ, ಬಾಗಿಲು ಹಾಕ್ಬಿಟ್ಟೆ? ಅತ್ತಿಗೆ ಬರ್ತಾರಾ?"

"ಇಲ್ಲಪ್ಪ. ಕಾರಿನ ಸಾಲ ಬೇರೆ ಬ್ಯಾಂಕಿಗೆ ಬದಲಾಯಿಸ್ಬೇಕು."

"ಇಷ್ಟೇನಾ! ಕೊಡು ಫೋನು. ಒಂದೇ ಒತ್ತು, ಹತ್ತು ಬ್ಯಾಂಕಿಗೂ ಅರ್ಜಿ."

ಈತ ಫೋನನ್ನು ಅಂಗಿಯೊಳಗೆ ತೂರಿಸಿ ಓಡಿದ. ಅರ್ಧ ಕ್ಷೌರವಾದವನು ಕುರ್ಚಿಯಿಂದ ಕೂಗಿದ: "ನಾನೂ ಓಡ್ಲಾ?"

ತಿರುವಿನಲ್ಲಿ ಹಳೇ ಬಸ್ ಕಂಡಕ್ಟರು ಸಿಕ್ಕ. ವಿಷಯ ಕೇಳಿದ್ದೇ, "ನನ್ನ ಅಳಿಯನ ಫೈನಾನ್ಸ್ ಇದೆ, ಹತ್ತು ಹತ್ತು" ಎಂದು ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದ. ಅಳಿಯ ಪೆನ್ನು ತೆಗೆದು "ಹೆಸರು?" ಎಂದನಷ್ಟೇ. ಈತ ಒಂದು ಚಪ್ಪಲಿ ಅಲ್ಲೇ ಬಿಟ್ಟು ಬೀದಿಯಲ್ಲಿದ್ದ.

"ಹೆಸರು ಕೇಳಿದ್ದಕ್ಕೇ ಹೀಗಾ ಮಾವ?"

"ಟಿಕೆಟ್ ಇಲ್ದೆ ಹತ್ತಿದೋನು ಹಿಂಗೇ ಇಳಿಯೋದು."

ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ಈತನಿಗೆ ಹೊಳೆಯಿತು: ಕೇಳಿದರೆ ತಾನೇ ಇಳಿಯುವುದು, ಓದಿದರೆ ಇಳಿಯುವುದಿಲ್ಲವಲ್ಲ! ಬಡ್ಡಿಯ ದರ ಬ್ಯಾಂಕಿನ ಗೋಡೆಯ ಮೇಲೇ ಇರುತ್ತದೆ. ಜೇಬಿನಿಂದ ಎರಡು ಮಸೂರ ತೆಗೆದು, ಒಂದನ್ನು ಕಣ್ಣಿಗೆ ಒತ್ತಿ, ಇನ್ನೊಂದನ್ನು ದುರ್ಬೀನಿನ ಹಾಗೆ ಕೈಚಾಚಿ ಹಿಡಿದು, ರಸ್ತೆಯ ಈಚೆಯಿಂದಲೇ ಬ್ಯಾಂಕುಗಳನ್ನು ಓದುತ್ತಾ ಹೋದ. ಕೊನೆಯ ಬ್ಯಾಂಕಿನ ಕಾವಲುಗಾರ ರಸ್ತೆ ದಾಟಿ ಬಂದ.

"ಕದಿಯೋನು ಒಳಗೆ ಬಂದು ಕದೀಬೇಕಪ್ಪ. ಇಲ್ಲಿಂದ ಏನು ನೋಡ್ತಿದೀಯ?"

"ಹೆಂಡ್ತೀನ" ಎಂದುಬಿಟ್ಟ ಈತ, ಬಾಯಿತಪ್ಪಿ.

ಕಾವಲುಗಾರ ಬಡ್ಡಿಯ ಬೋರ್ಡನ್ನು ನೋಡಿದ, ಈತನ ಮುಖ ನೋಡಿದ, ದಾರಿ ಬಿಟ್ಟ.

ಆ ಬ್ಯಾಂಕಿನದೇ ಎಲ್ಲಕ್ಕಿಂತ ಕಡಿಮೆ ಬಡ್ಡಿ. ಈತ ಒಳಗೆ ಹೋಗಿ, ಉಸಿರು ಬಿಗಿಹಿಡಿದು, ಒಂದೇ ಒಂದು ಅರ್ಜಿ ಕೊಟ್ಟ. ಮ್ಯಾನೇಜರಮ್ಮ ಕಂಪ್ಯೂಟರು ನೋಡಿ ನಕ್ಕರು. "ನಿಮ್ಮ ಸ್ಕೋರು ಅಪ್ಪಟ ಚಿನ್ನ ಕಣ್ರೀ."

ಈತನ ಕಣ್ಣಮುಂದೆ ಕಾರು ಆಗಲೇ ಊರು ದಾಟಿತ್ತು.

"ಆದ್ರೆ ಸಾಲದಲ್ಲಿ ಮೊದಲ ಹೆಸರು ನಿಮ್ಮ ಮನೆಯವರದು. ಅವರ ಸ್ಕೋರು ನೆಲ ಕಚ್ಚಿದೆ, ಕಡಿಮೆ ಬಡ್ಡಿ ಸಿಗಲ್ಲ. ಈ ವಾರ ಅವರಿರೋ ಊರಲ್ಲಿ ಒಂದು ಬ್ಯಾಂಕನ್ನೂ ಬಿಟ್ಟಿಲ್ಲ, ಎಲ್ಲಾ ಕಡೆ ಅರ್ಜಿ ಹಾಕಿದ್ದಾರೆ."

"ಯಾತಕ್ಕೆ?"

"ಇದೇ ಕಾರಿನ ಸಾಲ ಬದಲಾಯಿಸೋಕೆ."

ಮನೆಗೆ ಬಂದವನು ಒಳಗೆ ಹೋಗಲಿಲ್ಲ. ಕಾರಿನಲ್ಲಿ ಕೂತು ಹೆಂಡತಿಗೆ ಫೋನು ಮಾಡಿದ.

"ಹೂಂ, ಹೋಗಿದ್ದೆ" ಎಂದಳು ಆಕೆ. "ಕಂತು ಇಳಿದ್ರೆ ನೀವು ಬರ್ತೀರಲ್ಲಾಂತ. ಒಂದು ಕಡೆ ಬಡ್ಡಿ ಜಾಸ್ತಿ ಅಂದ್ರು, ಇನ್ನೊಂದು ಕಡೆ ಕೇಳ್ದೆ. ಕೇಳ್ತಾ ಕೇಳ್ತಾ ಜಾಸ್ತಿ ಆಗ್ತಾನೇ ಹೋಯ್ತುರೀ." ಈತ ಪಕ್ಕದ ಸೀಟು ಒರೆಸುತ್ತಿರುವಾಗ ಆಕೆ ಕೇಳಿದಳು: "ಈಗ ಎಲ್ಲಿದೀರಿ?"

"ಕಾರಲ್ಲಿ."

"ಹೊರಟ್ರಾ?"

"ಇಲ್ಲ ಕಣೇ. ಸುಮ್ನೆ ಕೂತಿದೀನಿ."

"ಹಾಗಾದ್ರೆ ಒಂದ್ಸಲ ಹಾರ್ನ್ ಹೊಡೀರಿ. ಆಸ್ಪತ್ರೆ ಗೇಟಿಗೆ ಬಂದಿದೀರಿ ಅಂದ್ಕೋತೀನಿ."

ಈತ ಒತ್ತಿದ. ತಿಂಗಳುಗಟ್ಟಲೆ ಸುಮ್ಮನಿದ್ದ ಹಾರ್ನು ಗಂಟಲು ಸರಿಮಾಡಿಕೊಂಡು ಬೀದಿ ತುಂಬ ಕೂಗಿತು. ಕ್ಷೌರಿಕನೂ ಕಂಡಕ್ಟರೂ ಬಿದ್ದಂಬೀಳ ಓಡಿಬಂದು, "ಹೊರಟೇಬಿಟ್ಟ! ನಡಿ, ನಾವೂ ಬರ್ತೀವಿ" ಎಂದು ಹಿಂದಿನ ಸೀಟು ಹತ್ತಿ ಬಾಗಿಲು ಹಾಕಿಕೊಂಡರು.

ಫೋನಿನಲ್ಲಿ ಆಕೆ ಮೆಲ್ಲಗೆ, "ಇನ್ನೊಂದ್ಸಲ" ಎಂದಳು.