ಒಂದು ಗೇಣು ಜಾಗ

ಎಲ್ಲ ರಗಳೆಗೂ ಮೂಲ, ಪೆಟ್ಟಿಗೆಯ ಮೂಲೆಯಲ್ಲಿ ಉಳಿದುಹೋದ ಒಂದು ಗೇಣು ಜಾಗ.

ಪೆಟ್ಟಿಗೆ ರೊಜೆಲ್ಯೊನದು. ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ. ಐದು ತಿಂಗಳಿಂದ ಅವನ ಮಂಚದ ಪಕ್ಕ ನಿಂತಿತ್ತು. ಫಿಲಿಪೀನ್ಸ್ ಬಿಟ್ಟು ದುಡಿಯಲು ಹೊರಟವರೆಲ್ಲ ಇಂಥದೊಂದನ್ನು ತುಂಬುತ್ತಾರೆ. ವಾರಕ್ಕೊಂದು ಸೋಪು, ಒಂದು ಚಾಕೊಲೇಟು, ಒಂದು ಡಬ್ಬಿ ಉಪ್ಪುಮಾಂಸ ಅಂತ ಹಾಕುತ್ತಾ ಹೋಗಿ ಅಕ್ಟೋಬರಿನಲ್ಲಿ ಹಡಗು ಹತ್ತಿಸಿದರೆ ಕ್ರಿಸ್‌ಮಸ್ ಹೊತ್ತಿಗೆ ಮನೆ ಸೇರುತ್ತದೆ. ತೂಕ ಎಷ್ಟಾದರೂ ಇರಲಿ, ಮುಚ್ಚಳ ಮುಚ್ಚಿದರೆ ಸಾಕು. ಹಾಗಾಗಿ ಒಳಗೆ ಬೆರಳು ತೂರುವಷ್ಟು ಜಾಗ ಬಿಟ್ಟರೂ ಅವಮಾನ. ‘ಅಷ್ಟು ದೂರದಿಂದ ಅಳಿಯ ಗಾಳಿ ಕಳಿಸಿದ್ದಾನೆ’ ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಾಳೆ.

ಪೆಟ್ಟಿಗೆ ಒಯ್ಯುವ ವ್ಯಾನು ಅವತ್ತು ಹನ್ನೊಂದು ಗಂಟೆಗೆ ಬರುವುದಿತ್ತು. ಐರ್ಲೆಂಡಿನ ಪಶ್ಚಿಮದ ಡ್ರಮ್‌ಕೀಲ್ ಎಂಬ ಆ ಹಳ್ಳಿಗೆ ಅದು ಬರುವುದು ವರ್ಷಕ್ಕೊಮ್ಮೆ.

ನಿಜ ಹೇಳಬೇಕೆಂದರೆ ರೊಜೆಲ್ಯೊನಿಗೆ ಪೆಟ್ಟಿಗೆ ಕಳಿಸುವ ಆಸೆಯೇ ಇರಲಿಲ್ಲ. ಅವನಿಗೆ ತಾನೇ ಹೋಗಬೇಕಿತ್ತು. ಅದೇ ತಿಂಗಳ ಹದಿನೆಂಟಕ್ಕೆ ಮಗಳು ಲಿಗಾಯಳಿಗೆ ಒಂದು ವರ್ಷ ತುಂಬುವುದಿತ್ತು. ಅವನು ಹೊರಟಾಗ ಅವಳಿಗೆ ಐದು ತಿಂಗಳು ದಾಟಿ ಎರಡು ವಾರ, ಮಗುಚಿಕೊಳ್ಳಲು ಕಲಿತಿದ್ದಳು. ಈಗ ಗೋಡೆ ಹಿಡಿದು ನಡೆಯುತ್ತಾಳಂತೆ. ಹಾಲು ಕರೆಯುವ ಶೆಡ್ಡಿನ ಹಿಂದಿನ ಕಲ್ಲುಗೋಡೆ ಹತ್ತಿದರೆ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ದಿನಾ ಮಳೆಯಲ್ಲಿ ಆ ಗೋಡೆ ಮೇಲೆ ನಿಂತು, ಮಗಳ ಎರಡು ಹೆಜ್ಜೆಯ ವಿಡಿಯೋವನ್ನು ಅವನು ಮತ್ತೆ ಮತ್ತೆ ನೋಡುತ್ತಿದ್ದ.

ಹದಿನೈದು ದಿನ ರಜಾ ಕೊಡಿ ಎಂದು ಯಜಮಾನನನ್ನು ಕೇಳಿದರೆ ಆಯಿತಲ್ಲ? ಅದೇ ಆಗದ ಕೆಲಸ. ರೊಜೆಲ್ಯೊನ ಊರಿನವರಿಗೆ ಕೇಳುವುದೆಂದರೆ ಮರ್ಯಾದೆ ಹೋದಷ್ಟು ಸಂಕೋಚ. ಯಜಮಾನ ಫಿಂಟನ್‌ನ ಊರಿನವರಿಗೆ ಮನಸ್ಸಿನಲ್ಲಿರುವುದನ್ನು ಹೇಳುವುದೆಂದರೆ ಮೈಮೇಲೆ ಬಟ್ಟೆ ಇಲ್ಲದಷ್ಟು ಸಂಕೋಚ. ಫಿಂಟನ್‌ಗೆ ಅರವತ್ತೆಂಟು, ಮದುವೆಯಾಗಿಲ್ಲ, ತೊಂಬತ್ತು ಹಸು. ಆರು ತಿಂಗಳಲ್ಲಿ ಇಬ್ಬರೂ ಮಳೆ ಮತ್ತು ಹಸು ಬಿಟ್ಟು ಬೇರೆ ಮಾತಾಡಿದ್ದಿಲ್ಲ.

ಅವತ್ತು ಬೆಳಿಗ್ಗೆ ಹಾಲು ಕರೆಯುವಾಗ ರೊಜೆಲ್ಯೊ ಗಟ್ಟಿ ಮನಸ್ಸು ಮಾಡಿದ.

“ಬಾಸ್...”

“ಹ್ಞೂಂ.”

“ಈ ತಿಂಗಳು ಹದಿನೆಂಟಕ್ಕೆ...”

“ಹದಿನೆಂಟಕ್ಕೆ ಮಳೆ ಅಂತೆ. ರೇಡಿಯೋದಲ್ಲಿ ಹೇಳಿದ್ರು.”

“ಹೌದು ಬಾಸ್. ಹದಿನೆಂಟಕ್ಕೆ ನನ್ನ ಮಗಳಿಗೆ ಒಂದು ವರ್ಷ ತುಂಬತ್ತೆ.”

ಫಿಂಟನ್ ಒಂದು ಹಸುವಿನ ಕೆಚ್ಚಲು ಒರೆಸಿದ. ಪಕ್ಕದ್ದರ ಕೆಚ್ಚಲನ್ನೂ ಒರೆಸಿದ. “ಒಂದು ವರ್ಷ. ಹ್ಞೂಂ. ಒಳ್ಳೆ ವಯಸ್ಸು,” ಎಂದ. ಆಮೇಲೆ ಇನ್ನೇನೋ ಹೇಳುವವನ ಹಾಗೆ ಬಾಯಿ ತೆರೆದು ನಿಂತ. ರೊಜೆಲ್ಯೊ ಉಸಿರು ಬಿಗಿ ಹಿಡಿದು ಕಾದ.

“ಆ ಕರಿ ಹಸು ಹಿಂಗಾಲು ಎಳೀತಾ ಇದೆ, ನೋಡ್ದ್ಯಾ?” ಎಂದ ಫಿಂಟನ್.

ಅಲ್ಲಿಗೆ ರಜಾದ ಮಾತು ಮುಗಿಯಿತು. ರೊಜೆಲ್ಯೊ ತಾನು ಹೋಗದಿದ್ದರೆ ಪೆಟ್ಟಿಗೆಯಾದರೂ ಸರಿಯಾಗಿ ಹೋಗಲಿ ಎಂದು ಕೋಣೆಗೆ ಬಂದು ನೋಡುತ್ತಾನೆ, ಮೂಲೆಯಲ್ಲಿ ಆ ಒಂದು ಗೇಣು ಜಾಗ! ಅಷ್ಟರಲ್ಲಿ ಅಂಚೆಯ ಕಾರ್ಮಕ್ ಬಾಗಿಲಿಗೆ ಬಂದ.

“ಏನು ರೋಜರ್, ಏನು ವಿಶೇಷ?” ಊರಿನಲ್ಲಿ ರೊಜೆಲ್ಯೊ ಎಂಬ ಹೆಸರನ್ನು ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

“ಹಳೇ ಪೇಪರ್ ಇದ್ಯಾ ಅಣ್ಣಾ? ಊರಿಗೆ ಕಳಿಸೋ ಪೆಟ್ಟಿಗೇಲಿ ಒಂದು ಗೇಣು ಜಾಗ ಉಳ್ಕೊಂಡಿದೆ. ಹನ್ನೊಂದಕ್ಕೆ ವ್ಯಾನ್ ಬರತ್ತೆ.”

ಕಾರ್ಮಕ್ ಪೇಪರ್ ಕೊಡಲಿಲ್ಲ. “ಇರು, ವ್ಯವಸ್ಥೆ ಮಾಡ್ತೀನಿ,” ಎಂದು ಗಾಡಿ ಹತ್ತಿದ. ಆ ದಿನ ಅವನು ಹನ್ನೊಂದು ಮನೆಗೆ ಹೋದ. ಕಾಗದಗಳನ್ನು ಕೊಟ್ಟನೋ ಇಲ್ಲವೋ, ಸುದ್ದಿಯನ್ನಂತೂ ಹನ್ನೊಂದು ಮನೆಗೂ ತಪ್ಪದೆ ತಲುಪಿಸಿದ.

ಹತ್ತು ಗಂಟೆಗೆ ಅಂಗಳದಲ್ಲಿ ಆರು ಕಾರು ನಿಂತಿದ್ದವು. ಎಲ್ಲರಿಗಿಂತ ಮೊದಲು ಬಂದವಳು ಪಕ್ಕದ ತೋಟದ ಅಸಂಪ್ಟಾ. ಎಂಬತ್ತು ವರ್ಷದ ವಿಧವೆ. ತನ್ನ ಜಿಲ್ಲೆಯ ಗಡಿ ದಾಟಿದವಳಲ್ಲ, ಆದರೆ ಗಡಿಯೊಳಗಿನ ಯಾವ ವಿಷಯವೂ ಅವಳನ್ನು ದಾಟಿ ಹೋದದ್ದಿಲ್ಲ. ತೋಳಿನ ಮೇಲೆ ಕಂಬಳಿಯಷ್ಟು ದಪ್ಪದ ಸ್ವೆಟರು.

“ತಗೋ ಮಗಾ, ನಿನ್ನ ಹೆಂಡ್ತಿಗೆ. ನಾನೇ ಹೆಣೆದಿದ್ದು.”

“ಮೇಡಂ, ನಮ್ಮೂರಲ್ಲಿ ಮೂವತ್ತೈದು ಡಿಗ್ರಿ ಬಿಸಿಲು...”

“ಮೇಡಂ ಅನ್ಬೇಡ, ನಾನೇನು ಸ್ಕೂಲ್ ನಡೆಸ್ತೀನಾ? ಬಿಸಿಲಿದ್ರೇನು, ಸಂಜೆ ಹೊತ್ತು ತಣ್ಣಗಾಗಲ್ವಾ?”

“ಆಗಲ್ಲ...”

“ಆಗತ್ತೆ, ಇಡು.”

ಸ್ವೆಟರು ಒಳಗೆ ಹೋಯಿತು, ಎರಡು ಡಬ್ಬಿ ಉಪ್ಪುಮಾಂಸ ಹೊರಗೆ ಬಂತು. ಆಮೇಲೆ ತಡೆಯುವವರೇ ಇಲ್ಲ. ಒಬ್ಬರು ಮುಳ್ಳುಹಣ್ಣಿನ ಜಾಮ್ ತಂದರು, ಒಬ್ಬರು ಪವಿತ್ರ ಜಲದ ಬಾಟಲಿ. ಇನ್ನೊಬ್ಬರು ಮಗುವಿಗೆಂದು ಮಳೆಯ ಬೂಟು ಕೊಟ್ಟರು, ಎರಡೂ ಎಡಗಾಲಿನವು. ಕಾರ್ಮಕ್ ಸ್ವತಃ ಹಾಕಿ ಕೋಲಿನಂಥ, ಆ ಊರಿನ ಚೆಂಡಾಟದ ಮರದ ಕೋಲೊಂದನ್ನು ತಂದ. ಅದು ಪೆಟ್ಟಿಗೆಗಿಂತ ಒಂದು ಮೊಳ ಉದ್ದವಿತ್ತು.

“ಓರೆಯಾಗಿ ಇಡೋ!”

“ಓರೆಯಾಗೂ ಹೋಗಲ್ಲ ಅಣ್ಣಾ.”

“ಮುಚ್ಚಳಕ್ಕೆ ತೂತು ಮಾಡಿದ್ರೆ ಹೋಗತ್ತೆ. ಈಗಿಂದ ಆಡಿದ್ರೇನೇ ಹುಡುಗಿಗೆ ಕೈ ಕುದುರೋದು.”

ಅವರು ಅತ್ತ ತಿರುಗಿದಾಗ ರೊಜೆಲ್ಯೊ ತನ್ನ ಡಬ್ಬಿಗಳನ್ನು ಒಳಗೆ ಹಾಕುತ್ತಿದ್ದ. ಇತ್ತ ತಿರುಗಿದಾಗ ಅವರು ಅವನ್ನು ಹೊರಗೆ ತೆಗೆದು ತಮ್ಮದನ್ನು ಹಾಕುತ್ತಿದ್ದರು. ಫಿಂಟನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಏನೂ ತಂದಿರಲಿಲ್ಲ. ರೊಜೆಲ್ಯೊನಿಗೆ ಅದು ಸ್ವಲ್ಪ ಚುಚ್ಚಿತು.

ಅಸಂಪ್ಟಾ ಮಾತ್ರ ಮಂಚದ ಮೇಲೆ ಕೂತು ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

“ನಾನು ಚಿಕ್ಕೋಳಿದ್ದಾಗ ನಮ್ಮನೆಗೂ ಬರ್ತಿತ್ತು ಕಣೋ, ಬಾಸ್ಟನ್ನಿಂದ, ನಮ್ಮ ಚಿಕ್ಕಮ್ಮನ ಪೊಟ್ಟಣ,” ಎಂದಳು. “ಬಿಚ್ಚಿದ ಕೂಡ್ಲೇ ಒಂದು ವಾಸನೆ. ನಮ್ಮಮ್ಮ ಬಟ್ಟೆ ಮುಟ್ತಾ ಇರ್ಲಿಲ್ಲ, ಮೊದಲು ಆ ವಾಸನೆ ಎಳ್ಕೊಂಡು ಅಳೋಳು. ಚಿಕ್ಕಮ್ಮ ಮಾತ್ರ ಒಂದ್ಸಲಾನೂ ಬರ್ಲಿಲ್ಲ. ಪೊಟ್ಟಣ ಬರ್ತಾ ಇದ್ಯಲ್ಲ ಅಂತ ನಾವೂ ಕರೀಲಿಲ್ಲ.”

ರೊಜೆಲ್ಯೊ ಸೋಪುಗಳನ್ನು ಒಂದೊಂದಾಗಿ ಮತ್ತೆ ಜೋಡಿಸತೊಡಗಿದ.

ಹನ್ನೊಂದಕ್ಕೆ ಸರಿಯಾಗಿ ವ್ಯಾನು ಬಂತು. ಡ್ರೈವರ್ ಬೋಯೆಟ್ ರೊಜೆಲ್ಯೊನ ಕಡೆಯವನೇ. ಇಪ್ಪತ್ತು ವರ್ಷದಿಂದ ಇಲ್ಲಿದ್ದಾನೆ. ಅಂಗಳದ ಜಾತ್ರೆ ನೋಡಿ ಕಣ್ಣರಳಿಸಿದ. “ಏನಪ್ಪಾ, ನೀನೇ ಒಳಗೆ ಕೂತ್ಕೊಂಡು ಹೋಗ್ತಿದ್ದೀಯೋ ಹೇಗೆ? ಬೇಗ, ಬೇಗ. ನಿಂದೇ ಕೊನೇ ಮನೆ, ಇಲ್ಲಿಂದ ಸೀದಾ ಬಂದರಿಗೆ. ಪೆಟ್ಟಿಗೆ ಜೊತೆ ಪಾಸ್‌ಪೋರ್ಟ್ ಬೇಕು, ತಗೊಂಡ್ಬಾ.”

ರೊಜೆಲ್ಯೊ ಪಾಸ್‌ಪೋರ್ಟ್ ತಂದುಕೊಟ್ಟ. ಬೋಯೆಟ್ ನಂಬರು ಬರೆದುಕೊಂಡು ಮುಗಿಸುವಷ್ಟರಲ್ಲಿ ಕಾರ್ಮಕ್ ಅದನ್ನು ಕಸಿದುಕೊಂಡ.

“ಅಯ್ಯೋ, ಕೋಳಿ ಕದ್ದು ಸಿಕ್ಕಿಬಿದ್ದೋನ ಹಾಗೆ ಇದ್ದೀಯಲ್ಲೋ ಇದ್ರಲ್ಲಿ!”

ಪಾಸ್‌ಪೋರ್ಟ್ ಕೈಯಿಂದ ಕೈಗೆ ದಾಟಿತು. ಒಬ್ಬರು ಹುಟ್ಟಿದ ದಿನ ನೋಡಿದರು, ಒಬ್ಬರು ರುಜು ಚೆನ್ನಾಗಿಲ್ಲ ಎಂದರು. ಅಸಂಪ್ಟಾ ಕನ್ನಡಕ ಹಾಕಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದಳು. ಅತ್ತ ಮುಚ್ಚಳ ಮುಚ್ಚಲೊಲ್ಲದು. ರೊಜೆಲ್ಯೊ, ಕಾರ್ಮಕ್, ಬೋಯೆಟ್ ಮೂವರೂ ಅದರ ಮೇಲೆ ಕೂತರು, ಎದ್ದರು, ಒಳಗಿನದನ್ನು ಒತ್ತಿದರು, ಮತ್ತೆ ಕೂತರು. ಕೊನೆಗೆ ನಾಲ್ಕು ಸುತ್ತು ಅಂಟುಪಟ್ಟಿ ಬಿಗಿದು, ಆರು ಜನ ಹೊತ್ತು, ವ್ಯಾನಿಗೆ ಹಾಕಿದ್ದಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ರೊಜೆಲ್ಯೊ ಗೇಟು ಹಿಡಿದು ನಿಂತಿದ್ದ. ಒಂದು ಪೆಟ್ಟಿಗೆಗೆ ಸಿಕ್ಕ ಭಾಗ್ಯ ತನಗೆ ಸಿಗಲಿಲ್ಲವಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಮಳೆ ಇದ್ದದ್ದರಿಂದ ಯಾರಿಗೂ ಕಾಣಲಿಲ್ಲ ಎಂದುಕೊಂಡ. ಫಿಂಟನ್‌ಗೆ ಕಂಡಿತ್ತು.

ಮಧ್ಯಾಹ್ನ ಮೂರೂವರೆಗೆ, ಸಂಜೆಯ ಹಾಲು ಕರೆಯುವ ಮುಂಚೆ, ಫಿಂಟನ್ ಟೀ ಮಾಡಿದ. ಅದೇ ಮೊದಲ ಸಲ ಅವನೇ ಮಾಡಿದ್ದು. ಲೋಟ ಇಟ್ಟು, ಗಡಿಯಾರದ ಹಿಂದಿನಿಂದ ಒಂದು ಲಕೋಟೆ ತೆಗೆದು, ಲೋಟದ ಪಕ್ಕ ಇಟ್ಟು, ಕಿಟಕಿಯ ಕಡೆ ತಿರುಗಿ ನಿಂತ.

“ಏನು ಬಾಸ್ ಇದು?”

“ಟಿಕೆಟ್ಟು. ಬರೋ ಗುರುವಾರ ಹೊರಡೋದು. ಹದಿನೆಂಟರೊಳಗೆ ಮನೇಲಿರ್ತೀಯ. ಹದಿನೈದು ದಿನ ಇದ್ದು ಬಾ. ಹಾಲು ಕರೆಯೋಕೆ ಕಾರ್ಮಕ್‌ನ ತಮ್ಮ ಬರ್ತಾನೆ.”

ರೊಜೆಲ್ಯೊನಿಗೆ ಕೂತ ಕುರ್ಚಿ ತೇಲಿದ ಹಾಗಾಯಿತು. “ಯಾವಾಗ ತಗೊಂಡ್ರಿ ಬಾಸ್?”

“ಮೂರು ವಾರ ಆಯ್ತು.”

“ಮೂರು ವಾರ! ಹೇಳಲೇ ಇಲ್ವಲ್ಲ?”

“ನೀನು ಕೇಳ್ತೀಯ ಅಂತ ಕಾದೆ,” ಎಂದ ಫಿಂಟನ್ ಕಿಟಕಿಗೆ. “ಕೇಳಿದ ಮೇಲೆ ಕೊಟ್ರೆ ಸರಿ ಇರತ್ತೆ. ಕೇಳದೆ ಕೊಟ್ರೆ ಏನೋ ಒಂಥರಾ. ಪಾಸ್‌ಪೋರ್ಟ್ ನಂಬರ್ ನಿನ್ನ ಕೆಲಸದ ಕಾಗದದಲ್ಲೇ ಇತ್ತು.”

ಪಾಸ್‌ಪೋರ್ಟ್!

ರೊಜೆಲ್ಯೊ ಕೋಣೆಗೆ ಓಡಿದ. ಮೇಜು, ಮಂಚ, ಜೇಬು, ಎಲ್ಲೂ ಇಲ್ಲ. ಯಾರಾದರೂ ಅಕಸ್ಮಾತ್ ಜೊತೆಗೆ ಒಯ್ದಿರಬೇಕೆಂದು ಮಳೆಯಲ್ಲೇ ಅಸಂಪ್ಟಾಳ ಮನೆಗೆ ಓಡಿದ. ಹಿಂದೆಯೇ ಫಿಂಟನ್, ಅರವತ್ತೆಂಟರ ಮಂಡಿ ಹಿಡಿದುಕೊಂಡು.

“ಆ ಕೆಂಪು ಪುಸ್ತಕಾನಾ? ಕಳೆದಿಲ್ಲಪ್ಪಾ, ಹೆದರಬೇಡ,” ಎಂದಳು ಅಸಂಪ್ಟಾ ನಗುತ್ತಾ. “ನೀವು ಅಂಟುಪಟ್ಟಿ ತರೋಕೆ ಹೋದಾಗ ಪೆಟ್ಟಿಗೇಲಿ ಇಟ್ಟೆ. ಎಲ್ಲಕ್ಕಿಂತ ಮೇಲೆ, ನನ್ನ ಸ್ವೆಟರ್ ಮೇಲೇ ಇಟ್ಟಿದ್ದೀನಿ.”

“ಯಾಕೆ ಮೇಡಂ? ಯಾಕೆ?”

“ಪೆಟ್ಟಿಗೆ ಜೊತೆ ಬೇಕು ಅಂತ ಆ ಡ್ರೈವರೇ ಅಂದ್ನಲ್ಲ! ಅಲ್ದೆ ನಮ್ಮ ಚಿಕ್ಕಮ್ಮಾನೂ ಪೊಟ್ಟಣದ ಮೇಲೆ ಒಂದು ಫೋಟೋ ಇಡೋಳು. ಮುಚ್ಚಳ ತೆಗೆದ ಕೂಡ್ಲೇ ಮಗೂಗೆ ಅಪ್ಪನ ಮುಖ ಕಾಣ್ಲಿ, ಮರೀದೇ ಇರ್ಲಿ ಅಂತ ಇಟ್ಟೆ ಕಣೋ.”

ಅವಳನ್ನು ಬೈಯುವುದು ಹೇಗೆ? ರೊಜೆಲ್ಯೊ ಕಲ್ಲುಗೋಡೆ ಹತ್ತಿ ಬೋಯೆಟ್‌ಗೆ ಫೋನು ಮಾಡಿದ. ಕಂಟೇನರಿಗೆ ಬೀಗ ಬಿದ್ದು ಮೊಹರೂ ಆಗಿತ್ತು. ನಾನೂರು ಪೆಟ್ಟಿಗೆ, ಅವನದು ಎಲ್ಲಕ್ಕಿಂತ ಒಳಗೋ ಹೊರಗೋ, ಇನ್ನು ತೆಗೆಯುವುದು ಮನಿಲಾದಲ್ಲೇ. “ಹೊಸ ಪಾಸ್‌ಪೋರ್ಟ್‌ಗೆ ಎರಡು ತಿಂಗಳು ಹಿಡಿಯತ್ತೆ ತಮ್ಮಾ,” ಎಂದ ಬೋಯೆಟ್. “ಬೇಜಾರ್ ಮಾಡ್ಕೋಬೇಡ. ಡಿಸೆಂಬರ್ ಇಪ್ಪತ್ತಕ್ಕೆ ನಿನ್ನ ಪೆಟ್ಟಿಗೆ ಮನೆ ಬಾಗಿಲಿಗೇ ಹೋಗತ್ತೆ, ಗ್ಯಾರಂಟಿ.”

ಫಿಲಿಪೀನ್ಸಿನಲ್ಲಿ ಆಗ ರಾತ್ರಿ ಮಲಗುವ ಹೊತ್ತು. ಹೆಂಡತಿ ಲೂರ್ಡಿಟ ಒಂದೇ ಕರೆಗೆ ಫೋನು ಎತ್ತಿದಳು. ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು. ಅದರ ಒಂದು ಕಿವಿ ಮಾತ್ರ ಪರದೆಯಲ್ಲಿ ಕಾಣುತ್ತಿತ್ತು.

“ರಜಾ ಕೇಳಿದ್ರಾ?” ಎಂದಳು ಪಿಸುದನಿಯಲ್ಲಿ. “ಈ ಸಲಾನೂ ಕೇಳ್ಲಿಲ್ಲ, ಅಲ್ವಾ?”

“ಕೇಳದೇನೇ ಕೊಟ್ರು. ಟಿಕೆಟ್ಟೂ ತೆಗೆಸಿದ್ರು, ಲೂರ್ಡಿ.”

“ಹ್ಞಾಂ! ಹಾಗಾದ್ರೆ ಬರ್ತಾ ಇದ್ದೀರಾ?”

ರೊಜೆಲ್ಯೊ ಕೆಳಗೆ ನೋಡಿದ. ಗೋಡೆಯ ಬುಡದಲ್ಲಿ ಫಿಂಟನ್ ನೆನೆಯುತ್ತಾ ನಿಂತಿದ್ದ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು.

“ನಾನು ಬರ್ತಾ ಇಲ್ಲ. ನನ್ನ ಪಾಸ್‌ಪೋರ್ಟ್ ಬರ್ತಾ ಇದೆ,” ಎಂದ ರೊಜೆಲ್ಯೊ, ನಡೆದದ್ದನ್ನೆಲ್ಲ ಹೇಳಿದ.

ಅವಳು ಮೊದಲು ಬೈದಳು. ಆಮೇಲೆ ಮಗು ಏಳದ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತೋ ಆ ಸಣ್ಣ ಪರದೆಯಲ್ಲಿ ರೊಜೆಲ್ಯೊನಿಗೆ ತಿಳಿಯಲಿಲ್ಲ.

“ಹೋಗ್ಲಿ ಬಿಡಿ,” ಎಂದಳು ಕೊನೆಗೆ, ಮೂಗು ಒರೆಸಿಕೊಂಡು. “ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಕ್ರಿಸ್‌ಮಸ್‌ಗೆ ಮನೇಲಿರ್ತೀರಲ್ಲ.”